ಮೂರು ದಿನ ಬಾಜೂಕೇ ಇದ್ದೆ

…ಮತ್ತ ಅದೇ ಮೂರು ಪ್ರಶ್ನೆ! ಮುಂಜಾನಿಂದ ಎಷ್ಟು ಸಲ ಕೇಳ್ತೀರಿ ಸಿಸ್ಟರ್? ಕಡೀಕ ಯಾವಾಗ ಕುಡದಾನ, ಫಿಟ್ಸ್ ಎಷ್ಟು ಸಲ ಬಂದಾವ, ತಲೀಗಿ ಪೆಟ್ಟು ಬಿದ್ದದೇನು... ಹೇಳೀನಲ್ಲ! ನಿನ್ನೆ ಕುಡದಾನ. ಫಿಟ್ಸ್ ಒಂದೇ ಸಲ, ಇಲ್ಲಿಗಿ ಬರೋವಾಗ ಆಟೋದಾಗ. ಪೆಟ್ಟು ಗಿಟ್ಟು ಏನೂ ಇಲ್ಲ. ಕಟ್ಟಿಕೊಂಡ ಹೆಂಡತಿ ನಾ, ಮೂರು ದಿನ ಅವನ ಬಾಜೂಕೇ ಇದ್ದೆ, ಕದಲಿಲ್ಲ. ಜಗದೇವಿ ಹಿಂಗ ಹೇಳ್ಯಾಳ ಅಂತ ಬರ್ಕೋರಿ. ಸಹಿ ಬೇಕೇನು? ಹತ್ತನೇತ್ತಾ ಪಾಸ್ ಆಗೀನಿ, ಹೆಬ್ಬಟ್ಟು ಒತ್ತಾಕಿ ಅಲ್ಲ.

ಹಂಗ್ಯಾಕ ನೋಡ್ತೀರಿ?

ನೀವು ಭಾಲ್ಕಿಯವರು ಅಂದಾಗ ಖುಷಿ ಆಗಿತ್ತು ನೋಡ್ರಿ ನನಗ. ಈ ಊರಾಗ ಮರಾಠಿ ಮಾತಾಡಿ ಮಾತಾಡಿ ನಾಲಿಗಿ ಒಣಗಿತ್ತು, ದವಾಖಾನ್ಯಾಗ ನಮ್ಮೋರೊಬ್ರು ಸಿಕ್ರಲ್ಲ ಅಂದ್ಕೊಂಡೆ. ನಮ್ಮೋರಂತ, ನಮ್ಮೋರು! ಪೊಲೀಸರ ಅಕ್ಕ ಇದ್ದಂಗ ಇದ್ದೀರಿ. ಡಾಕ್ಟರಿಗಿ ಗೊತ್ತಾಗಬೇಕು, ಗೊತ್ತಾದ್ರ ಔಷಧ ಎಷ್ಟು ಅಂತ ತಿಳೀತದ, ಪೆಟ್ಟು ಬಿದ್ದಿದ್ರ ತಲಿ ಸ್ಕ್ಯಾನ್ ಮಾಡಬೇಕಾಗ್ತದ... ಬಿದ್ದಿಲ್ಲ ಅಂದೆ! ಬಿದ್ದಿಲ್ಲ.

ಗಂಟಿಗೊಮ್ಮೆ ಬರ್ತೀರಿ, ಕೈ ಚಾಚು ಅಂತೀರಿ, ನಾಲಿಗಿ ತೋರ್ಸು, ಇವತ್ತು ಯಾವ ವಾರ, ನೀ ಎಲ್ಲಿದ್ದಿ... ಹಣಿ ಬೆವರು ಮುಟ್ಟಿ ನೋಡಿ ನಂಬರ್ ಹಾಕ್ತೀರಿ. ಜನ್ಮದಾಗ ಇವನಿಗಿ ಯಾವ ಪರೀಕ್ಷಾದಾಗೂ ಹದಿನೈದರ ಮ್ಯಾಲ ಬಿದ್ದಿಲ್ಲ. ನೀವು ನೋಡಿದ್ರ ಇಪ್ಪತ್ತಾರು ಹಾಕೀರಿ! ಅವರ ಅವ್ವ ಇದ್ದಿದ್ರ ಓಣಿಗೆಲ್ಲಾ ಪೇಡೆ ಹಂಚ್ತಿದ್ಲು.

ಯಾಕ, ನಗು ಬಂತೇನು? ... ನಗು ಅಲ್ಲ?

ಹೆಚ್ಚು ನಂಬರ್ ಬಂದ್ರ ಹೆಚ್ಚು ಕೆಟ್ಟದಾ?

...ಹೂಂ. ನನಗೇನು ಗೊತ್ತು. ಯಾರೂ ಹೇಳಿಲ್ಲಲ್ಲ.

ಇನ್ನೊಂದು ಹೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಮಾಡ್ಕೊಂಡ್ರೂ ಮಾಡ್ಕೋರಿ. ಇಂವ ಚಾದರ್ ಮ್ಯಾಲ ಇರುವಿ ಹರದಾಡ್ಲಕತ್ತಾವ ಅಂತ ಒದರಿದ. ನೀವು ಬಂದು, 'ನನಗ ಕಾಣಸವಲ್ದು ಅಣ್ಣಾ, ಆದ್ರ ನಿಮಗ ಅಂಜಿಕಿ ಆಗ್ಯದ, ನಾ ಇಲ್ಲೇ ಇದ್ದೀನಿ' ಅಂದ್ರಿ. ಅಣ್ಣಾ! ಕುಡುಕಗ ಅಣ್ಣಾ! ಫ್ಯಾನ್ ಸಪ್ಪಳ ಆಗ್ತದಂತ ಫ್ಯಾನ್ ಬದಲಿ ಮಾಡ್ಸಿದ್ರಿ, ನೆರಳು ಬೀಳ್ತದಂತ ಪರದೆ ಸರಸಿದ್ರಿ, ಮಂಚದ ಕಂಬಿಗಿ ದಿಂಬು ಕಟ್ಟಿದ್ರಿ. ನನ್ನ ಹೆರಿಗಿ ಟೈಮಿನ್ಯಾಗ ನಿಮ್ಮಂಥಾಕಿನೇ ಒಬ್ಬಾಕಿ ತೊಡಿಗಿ ರಪ್ಪಂತ ಬಾರಿಸಿದ್ಲು, ಒದರಬ್ಯಾಡ ಅಂತ. ನಾ ಏನು ಕುಡದು ಹೋಗಿದ್ದೆನೇನು? ನನಗ ಅಕ್ಕಾ ಅಂದವರು ಯಾರಿದ್ರು? ಐದು ವರ್ಷ ಇವನ ವಾಂತಿ ಬಳದೀನಿ. ಯಾರರೇ ಒಬ್ರು ಬಂದು, ನಿನಗ ಅಂಜಿಕಿ ಆಗ್ಯದೇನವ್ವಾ ಅಂತ ಕೇಳ್ಯಾರೇನು?

...ಬ್ಯಾಡ. ನೀರು ಬ್ಯಾಡ ನನಗ. ಅವನಿಗೇ ಕುಡಸ್ರಿ.

ದೊಡ್ಡ ಡಾಕ್ಟರ್ ಏನಂದ್ರು ಕೇಳಿದ್ರಲ್ಲ? ಒಮ್ಮೆಲೇ ಬಿಟ್ಟಿದ್ದಕ್ಕ ಹಿಂಗಾಗ್ಯದ ಅಂತ. ಬಿಟ್ಟಿದ್ದಕ್ಕ! ಕುಡದ್ರೂ ಸಾಯ್ತಾನ, ಬಿಟ್ರೂ ಸಾಯ್ತಾನ, ಹಂಗಾದ್ರ ಹೆಂಡತಿ ಏನು ಮಾಡಬೇಕ್ರಿ? ಇಲ್ಲಿಯವರಿಗಿ ಆಷಾಢದ ಅಮಾಸಿ ಅಂದ್ರ ಗಟಾರಿ, ಕುಡಿಯೂ ಹಬ್ಬ. ನಾಳಿಗಿ ಶ್ರಾವಣ ಹತ್ತತದ, ಇವತ್ತೇ ಕುಡದು ತಿಂದು ಮುಗಸಬೇಕು ಅಂತಾರ. ನಮ್ಮ ಕಡಿ ಅದೇ ದಿನ ನಾಗರ ಅಮಾಸಿ. ನಾ ಮನ್ಯಾಗ ಕಡಬು ಮಾಡಿ ಕುಂತಿದ್ದೆ, ಇಂವ ಚಿಕಲಠಾಣಾದಾಗ ಕಂಪನಿ ದೋಸ್ತರ ಜೋಡಿ ಕುಡದು, ಒಂದು ಚಪ್ಪಲಿ ಹಾಕ್ಕೊಂಡು ಬಂದ. ಒಂದು! ಮರುದಿನ ಶ್ರಾವಣ. ಜಳಕಾ ಮಾಡಿ, ವಿಭೂತಿ ಹಚ್ಕೊಂಡು, ನಮ್ಮ ಕೂಸು ಸಮೀಕ್ಷಾನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದ. ತಿಂಗಳ ತನಕ ಒಂದು ಹನಿ ಮುಟ್ಟಂಗಿಲ್ಲ ಅಂತ. ಹ್ವಾದ ವರ್ಷನೂ ಆಣಿ ಮಾಡಿದ್ದ, ಹತ್ತು ಗಂಟಿ ಆಗೂದ್ರಾಗ ಉಪವಾಸ ಮುರದು ಬಂದಿದ್ದ. ಈ ಸಲ ಮಾತ್ರ ಆಣಿ ಅಂದ್ರ ಆಣಿ. ಬೇಸ್ತವಾರ ರಾತ್ರಿ ಬಿಟ್ಟವ, ಆಮ್ಯಾಗ ಮುಟ್ಟೇ ಇಲ್ಲ.

...ಏನು?

ನಿನ್ನೆ ಕುಡದಾನ ಅಂದಿದ್ದೆನಾ?

ಅಯ್ಯ, ಬಿಡ್ರಿ. ಗಾಬರಿಯಾಗ ಅಂದೆ. ಬೇಸ್ತವಾರ ಅಂತ ತಿದ್ದಿ ಬರ್ಕೋರಿ. ಇವತ್ತು ಸೋಮವಾರ, ನಾಕು ದಿನ ಏನು ಮಾಡ್ಲಕತ್ತಿದ್ದಿ ಅಂತ ಬೈತೀರಿ ಅಂತ ಹಂಗಂದೆ. ಬೈಯೂದು ಬಿಟ್ರ ನಿಮಗ ಬ್ಯಾರೇನು ಬರ್ತದ?

ನಡುಕ ಯಾವಾಗ ಶುರು ಆಯ್ತಂದ್ರ... ಶುಕ್ರವಾರ. ಸಂಜಿಮುಂದ. ಹೌದು, ಚಾ ಕೊಟ್ಟೆ, ಬಶಿ ಕೈಯಾಗ ಕಟಕಟ ಅಂತು. ಶನಿವಾರ ಜ್ವರ ಬಂದಂಗ ಆಯ್ತು. ನಾ ಹಣಿ ಮ್ಯಾಲ ಒದ್ದಿ ಅರಿವಿ ಹಾಕಿದೆ, ಕಾಲು ಒತ್ತಿದೆ. ಅನ್ನ ಸಾರು ಕಲಸಿ ಉಣಸಿದೆ. ಮಧ್ಯಾಹ್ನ ಇರುವಿ ಬಂದಾವ ಅಂತ ಶುರು ಹಚ್ಚಿದ. ಗ್ವಾಡಿ ತುಂಬ ಇರುವಿ ಜಗ್ಗೀ, ದವಾಖಾನಿಗಿ ಕರ್ಕೊಂಡು ಹೋಗು ಜಗ್ಗೀ, ಕಂಪನಿ ಡಾಕ್ಟರ್ ಹೇಳಿದ್ದ, ಒಮ್ಮೆಲೇ ಬಿಡಬಾರ್ದಂತ ಹೇಳಿದ್ದ, ಅಂತ ಅತ್ತ. ಕುಡಿಯೂದು ಬಿಡಬ್ಯಾಡ ಅಂತ ಯಾವ ಡಾಕ್ಟರ್ ಹೇಳ್ತಾನ್ರಿ? ಬಾಟ್ಲಿ ಸಲುವಾಗಿ ಇವನೇ ಹುಟ್ಟಿಸಿದ ಮಾತು ಅಂದ್ಕೊಂಡೆ. ನಾಟಕ ಸಾಕು ಅಂದು ಕಟ್ ಮಾಡಿದೆ.

...ಏನು ಕಟ್ ಮಾಡಿದೆ ಅಂದ್ರ?

ಫೋನು.

ಏ, ಒಂದೇ ಮನ್ಯಾಗ ಇದ್ರೂ ಈಗ ಫೋನಿನ್ಯಾಗೇ ಮಾತಾಡ್ತಾರಲ್ಲ! ನಿಮ್ಮ ಮನ್ಯಾಗ ಆಡಂಗಿಲ್ಲೇನು? ನಾ ಅಡಗಿಮನ್ಯಾಗ ಇದ್ದೆ, ಅಂವ...

ಯಾಕ ಬರಿಯೂದು ನಿಲ್ಲಿಸಿದ್ರಿ? ಬರೀರಿ!

ಅಗೋ, ಮತ್ತ ಶುರು ಮಾಡ್ದ ನೋಡ್ರಿ. ಕಂಬಿಗಿ ಗುದ್ದಾಡ್ಲಕತ್ತಾನ. ಅದು ಏನಿಲ್ಲ, ಕಂಪನ್ಯಾಗ ಪ್ರೆಸ್ ಮಷಿನ್ ಮ್ಯಾಲ ಇರ್ತಾನಲ್ಲ, ಗುಂಡಿ ಒತ್ತಿ ಒತ್ತಿ ಅದೇ ರೂಢಿ ಆಗ್ಯದ. ಮಂಪರಿನ್ಯಾಗೂ ಡ್ಯೂಟಿ ಮಾಡ್ತಾನ, ಪಾಪ. ... ಬೆರಳ ಗಂಟು ಸುಲದದ್ದಾ? ಅದೂ ಮಷಿನ್ ಇರಬೇಕು. ಉಗುರಾಗ ಕಟಿಗಿ ಸಿಬರು... ಕಂಪನ್ಯಾಗ ಕಟಿಗಿ ಇರಂಗಿಲ್ಲ ಖರೆ...

ಏನಂದ? ನನಗ ಕೇಳ್ಸಲಿಲ್ಲ.

ನಿಮಗ ಕೇಳ್ಸಿತು.

ಬಾಗಿಲ ತಗಿ ಜಗ್ಗೀ ಅಂತಾನ. ಅದೇ ಅನ್ನೂದು. ಮುಂಜಾನಿಂದ ಅದೇ ಅನ್ಲಕತ್ತಾನ. ನೀವು ಕನ್ನಡದವರು ಬರಬಾರ್ದಾಗಿತ್ತು ಈ ವಾರ್ಡಿಗಿ. ಮರಾಠಿ ಸಿಸ್ಟರ್ ಇದ್ದಿದ್ರ ಏನೂ ತಿಳೀತಿದ್ದಿಲ್ಲ.

ಹಂಗ ನೋಡಬ್ಯಾಡ್ರಿ ನನಗ. ಬಾಯಿ ತಗದು ಏನರೇ ಅನ್ರಿ! ಇಷ್ಟೊತ್ತನ ಪ್ರಶ್ನೆ ಮ್ಯಾಲ ಪ್ರಶ್ನೆ ಕೇಳಿದ್ರಿ, ಈಗ ಕೇಳ್ರಿ!

...

ಅವನೇ ಅಂದ, ಹೊರಗಿಂದ ಕೀಲಿ ಹಾಕು ಅಂತ. ದೇವರಾಣಿ, ಅವನೇ ಅಂದ. ಕೀಲಿ ಹಾಕದಿದ್ರ ಅಂಗಡಿಗಿ ಹೋಗ್ತೀನಿ ಅಂದ. ಶುಕ್ರವಾರ ಮುಂಜಾನಿ ಅಂದದ್ದು. ಹತ್ತು ರೊಟ್ಟಿ ಬಡದು, ಚಟ್ನಿ, ಎರಡು ಕೊಡ ನೀರು ಇಟ್ಟು, ಕೂಸಿಗಿ ಕರ್ಕೊಂಡು ಬಸ್ ಹತ್ತಿದೆ. ನಾಸಿಕ್ ರೋಡಿನ್ಯಾಗ ನಮ್ಮ ಅಕ್ಕ ರೇಣವ್ವ ಇದ್ದಾಳ. ಎರಡು ದಿನ ನಿದ್ದಿ ಮಾಡಬೇಕಾಗಿತ್ತು ನನಗ, ಸಿಸ್ಟರ್. ಬರೇ ನಿದ್ದಿ. ಇವನ ಚಪ್ಪಲಿ ಸಪ್ಪಳ ಇಲ್ಲದ್ದು.

ಶನಿವಾರ ಆ ಫೋನ್ ಬಂತು. ಕಟ್ ಮಾಡಿದೆ, ಮತ್ತ ಬಂತು. ಕಟ್ ಮಾಡಿದೆ. ಆಮ್ಯಾಗ ಬಾಜೂ ಮನಿ ಪಾರ್ವತಿಬಾಯಿ ಮಾಡಿದ್ಳು, ನಿಮ್ಮ ಮನ್ಯಾಗ ಬಾಗಿಲ ಬಡಿಯೂ ಸಪ್ಪಳ ಆಗ್ಲಕತ್ತದ ಜಗದೇವಿ, ಯಾರರೇ ಇದ್ದಾರೇನು ಅಂತ. ಯಾರೂ ಇಲ್ಲ ಮಾವಶಿ ಅಂದೆ. ಟಿವಿ ಬಂದ್ ಮಾಡೂದು ಮರತೀನಿ ಅಂದೆ.

ಟಿವಿ ಅಂದೆ ನೋಡ್ರಿ.

ನಿನ್ನೆ ಫೋನ್ ಬರಲಿಲ್ಲ. ಸಪ್ಪಳಾನೂ ಇಲ್ಲ ಅಂದ್ಳು ಪಾರ್ವತಿಬಾಯಿ. ಗೆದ್ದೆ ಅಂದ್ಕೊಂಡೆ. ಅಕ್ಕನ ಮುಂದ ಕುಣದೆ, ಅಕ್ಕಾ, ಈ ಸಲ ಬಿಟ್ಟ ನೋಡು, ನಿಜವಾಗೂ ಬಿಟ್ಟ ಅಂತ. ಅಕ್ಕ ಸಜ್ಜಕದ ಹೋಳಿಗಿ ಮಾಡಿ ಇವನಿಗಿ ಬ್ಯಾರೆ ಕಟ್ಟಿ ಕೊಟ್ಳು.

ಅದಕ್ಕೇ ಹೇಳ್ತೀನಿ, ಫಿಟ್ಸ್ ಎಷ್ಟು ಸಲ ಬಂತು ಅಂತ ನನ್ನ ಕೇಳಬ್ಯಾಡ್ರಿ. ಗೊತ್ತಿಲ್ಲ. ಒಂದು ಆಟೋದಾಗ ನೋಡೀನಿ. ಮನ್ಯಾಗ ಎಷ್ಟು ಬಂದಾವ, ಎಲ್ಲಿ ಬಿದ್ದಾನ, ಎಷ್ಟೊತ್ತು ಬಿದ್ದಾನ, ನೀರರೇ ಕುಡದಾನೋ ಇಲ್ಲೋ... ರೊಟ್ಟಿ ಹತ್ತೂ ಹಂಗೇ ಇದ್ದವು. ನಾ ಇದ್ದಿಲ್ಲ. ಅದನ್ನ ಬರ್ಕೋರಿ.

ಪೆನ್ನು ಹಿಡದು ಇನ್ನೂ ಕಾಯ್ಲಕತ್ತೀರಿ.

ಮೂರನೇ ಪ್ರಶ್ನೆ, ತಲಿ ಪೆಟ್ಟಿಂದು. ಬಾಯಿ ಬಿಡದಿದ್ರೂ ನನಗ ಗೊತ್ತಾಗ್ತದ.

ಕೂಸಿಗಿ ಅಕ್ಕನ ಹತ್ರ ಬಿಟ್ಟು, ಇವತ್ತು ಮೊದಲ್ನೇ ಬಸ್ಸಿಗಿ ಬಂದೆ. ಕೀಲಿ ತಗದೆ. ಬಾಗಿಲ ಒಳಗ ಹೋಗವಲ್ದು, ಏನೋ ಅಡ್ಡ ಇತ್ತು. ಸಿಟ್ಟಿನ್ಯಾಗ ಮಂಚ ಎಳದು ಇಟ್ಟಾನ ಅಂದ್ಕೊಂಡೆ. ನನಗೂ ಸಿಟ್ಟು ಬಂತು, ಕೈಯಾಗ ಹೋಳಿಗಿ ಬ್ಯಾರೆ. ಭುಜ ಕೊಟ್ಟು ನೂಕಿದೆ. ಒಳಗ ಧಡ್ ಅಂತು. ಮತ್ತ ನೂಕಿದೆ. ಇನ್ನೊಮ್ಮೆ, ಓಡಿ ಬಂದು.

ಮಂಚ ಅದರ ಜಾಗದಾಗೇ ಇತ್ತು ಸಿಸ್ಟರ್.

ಎಡಗಡಿ ಕಿವಿ ಹಿಂದ ಕೂದ್ಲ ಸರಸಿ ನೋಡ್ರಿ. ಉಬ್ಬ್ಯದ. ಇಲ್ಲಿಗಿ ಕರ್ಕೊಂಡು ಬರೂ ಮುಂಚೆ ರಕ್ತ ಒರಸಿ, ಎಣ್ಣಿ ಹಚ್ಚಿ, ನಾನೇ ಬಾಚೀನಿ. ನಿಮಗ ಕಾಣಬಾರ್ದಂತ.