ಸೂಜಿಕಲ್ಲಿನ ಕೂಗು

ಬಾವಿ ದಾಟುವಾಗ ಅದು ಮೊದಲ ಸಲ ಕೇಳಿಸಿತಂತೆ.

ಕೇಳಿಸಿದ್ದು ನನ್ನ ಚಿಕ್ಕಪ್ಪನ ಮಗನಿಗೆ. ಕೆಲಸ ಮುಗಿಸಿ ಒಬ್ಬನೇ ಮನೆಗೆ ಬರುತ್ತಿದ್ದ. ಕತ್ತಲಾಗಿತ್ತು. ಬಾವಿಯ ರಾಟೆ ಗಾಳಿಗೆ ಕಿರ್... ಕಿರ್... ಅನ್ನುತ್ತಿತ್ತು. ಅದು ನಿಂತಿತು. ಹಿಂದಿನಿಂದ ಯಾರೋ ಮೆಲ್ಲಗೆ ಕರೆದರು.

"ಅಮ್ಮಾ..."

ಅವನ ಮಗಳ ದನಿ. ಆಗಿನ್ನೂ ಮೂರು ವರ್ಷದ ಮಗು. ತಿರುಗಿ ನೋಡಿದ. ಸೂಜಿಕಲ್ಲು ಬಿಟ್ಟರೆ ಹಿಂದೆ ಏನೂ ಇಲ್ಲ. ಓಡಿಕೊಂಡು ಮನೆಗೆ ಬಂದ. ಮಗು ಅಡುಗೆಮನೆಯಲ್ಲಿ ತಟ್ಟೆ ಬಡಿಯುತ್ತಾ ಕೂತಿತ್ತು.

ಸೂಜಿಕಲ್ಲು ಅಂದರೆ ಸುಣ್ಣಕಲ್ಲಿನ ಕಾಡು. ಮರದ ಬದಲು ಕಲ್ಲು. ಮಳೆ ಕೊರೆದು ಕೊರೆದು ಒಂದೊಂದರ ತುದಿಯೂ ಚಾಕು. ನಡುವೆ ಸಂದು. ಸಂದಿನ ತಳ ಕಾಣುವುದಿಲ್ಲ.

ಜನ ಎಲ್ಲೆಲ್ಲಿಂದಲೋ ನೋಡಲು ಬರುತ್ತಿದ್ದರು. ಕಲ್ಲಿಗಿಂತ ಹೆಚ್ಚಾಗಿ ಅಲ್ಲಿನ ಮುಸುವಗಳನ್ನು. ಬಿಳಿ ಮೈ, ಕಪ್ಪು ಮುಖದ ಕೋತಿಗಳು. ಹೊಟ್ಟೆಗೆ ಮರಿ ಅವಚಿಕೊಂಡು ತುದಿಯಿಂದ ತುದಿಗೆ ಹಾರುತ್ತವೆ. ಚಿಕ್ಕಪ್ಪನ ಮಗ ಅವನ್ನು ತೋರಿಸುವ ಗೈಡು. ಎರಡು ಹೆಬ್ಬೆರಳ ನಡುವೆ ಎಲೆ ಹಿಡಿದು ಊದಿದರೆ ಮರಿ ಅತ್ತ ಹಾಗೇ. ಕೀ... ಕೀ... ತಾಯಿ ಎಲ್ಲಿದ್ದರೂ ಬರುತ್ತಿತ್ತು. ಅದಕ್ಕೇ ಅವನಿಗೆ ಪೀಪಿ ಅಂತ ಹೆಸರು. ನೀನು ಕರೆದರೆ ಹೆಂಡತಿ ತಿರುಗಿಯೂ ನೋಡಲ್ಲ, ಮುಸುವ ಮಾತ್ರ ಬಿದ್ದೆದ್ದು ಬರುತ್ತೆ ಅಂತ ಉಳಿದ ಗೈಡುಗಳು ರೇಗಿಸುತ್ತಿದ್ದರು.

ಅವರೆಲ್ಲ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದರು. ಹೊತ್ತು ಇಳಿದ ಮೇಲೆ ಊದಬಾರದು. ಇಳಿಬಿಸಿಲು ಕಣ್ಣಿಗೆ ಹೊಡೆದರೆ ಮುಸುವಕ್ಕೆ ಸಂದಿನ ಅಗಲ ತಿಳಿಯುವುದಿಲ್ಲ.

ಆ ದಿನ ಬಂದವರಲ್ಲಿ ಒಬ್ಬ ಫೋಟೋದವನಿದ್ದ. ಮುಳುಗುವ ಸೂರ್ಯನ ಮುಂದೆ ಮುಸುವ ಹಾರಬೇಕು ಅಂದ. ಪೀಪಿ ಆಗಲ್ಲ ಅಂದ. ಹಾಗಾದರೆ ಪೀಪಿ ಅನ್ನೋದು ಬರೀ ಹೆಸರಿಗೆ ಅಂತ ಅವನು ನಕ್ಕ. ಜೊತೆಯವರೂ ನಕ್ಕರು.

ಪೀಪಿ ಎಲೆ ಕಿತ್ತ.

ತಾಯಿ ಬಂತು. ಹಾರಿತು. ಪಚ್... ಅಷ್ಟೇ ಸದ್ದು. ಕಲ್ಲಿನ ತುದಿ ಹೊಟ್ಟೆಗೆ ಹೊಕ್ಕಿತ್ತು. ಸಾಯಲಿಲ್ಲ. ಫೋಟೋ ಅಲ್ಲಾಡಿಬಿಟ್ಟಿದೆ, ಇನ್ನೊಂದು ಸಲ ಊದು ಅಂದ ಫೋಟೋದವನು. ಇವನು ಊದಿದ. ಅದು ಎರಡೂ ಕೈ ಊರಿ, ದನಿ ಬಂದ ಕಡೆ ಬರಲು ನೋಡಿತು. ಅದು ಸಾಯುವವರೆಗೂ ಕ್ಯಾಮೆರಾ ಟಕ್ ಟಕ್ ಅನ್ನುತ್ತಿತ್ತು. ಯಾಕೋ ಊದಿದೆ ಅಂತ ಆಮೇಲೆ ಕೇಳಿದೆ. ಕೈ ತಾನೇ ಎದ್ದಿತು ಅಂದ.

ಬಾವಿಯ ಹತ್ತಿರ ಕೇಳಿಸಿದ್ದು ಅದೇ ರಾತ್ರಿ.

ಆಮೇಲೆ ಬಿಡಲಿಲ್ಲ. ಕತ್ತಲಾದರೆ ಸಾಕು, ಕಲ್ಲಿನ ಕಡೆಯಿಂದ ಮಗಳ ದನಿ. ಮಗಳು ಪಕ್ಕದಲ್ಲೇ ಮಲಗಿರುವಾಗ. ಒಮ್ಮೆ ಹೆಂಡತಿ ನಿದ್ದೆಗಣ್ಣಿನಲ್ಲಿ ಅಂಗಳ ದಾಟಿಬಿಟ್ಟಿದ್ದಳು. ಇವನು ರಟ್ಟೆ ಹಿಡಿದು ಎಳೆದು ತಂದ. ಕರೆ ಯಾರಿಗೆ ಅಂತ ಅವನಿಗೆ ತಿಳಿದಿತ್ತು. ಅವಳು ಹೋದರೆ ಸಂದಿಗೆ ಬೀಳುತ್ತಾಳೆ.

ಆಗ ಇಬ್ಬರೂ ಒಂದು ಉಪಾಯ ಮಾಡಿಕೊಂಡರು. ದನಿ ಬಂದ ಕೂಡಲೇ ಮಗುವಿನ ಮೇಲೆ ಕೈ ಇಡುವುದು. ಮಗು ಇದೆ. ಹಾಗಾದರೆ ಹೊರಗಿರುವುದು ಮಗುವಲ್ಲ. ಮಗ್ಗುಲು ಬದಲಿಸಿ ಮಲಗುವುದು. ಬರಬರುತ್ತಾ ಅಭ್ಯಾಸವಾಯಿತು. ನಮ್ಮ ಮನೆಗೆ ಬಂದು ಇರಿ ಅಂದೆ. ಮುಂದಿನ ವಾರ ನೋಡೋಣ ಅಂದ.

ಮುಂದಿನ ವಾರ ಬರಲಿಲ್ಲ.

ಅವತ್ತು ರಾತ್ರಿ ಹೆಂಡತಿ ಎದ್ದು ಕೂತಳು. ಪಿಸುಗುಟ್ಟಿದಳು.

"ರೀ... ಇವತ್ತು ಅವಳೇ."

"ಸುಮ್ಮನೆ ಮಲಗು."

"ಬಿಕ್ಕಳಿಸ್ತಿದಾಳೆ ಕಣ್ರೀ. ತುಂಬಾ ಅತ್ತರೆ ಅವಳಿಗೆ ಬಿಕ್ಕಳಿಕೆ ಬರುತ್ತೆ. ಅದು ಯಾವತ್ತೂ ಬಿಕ್ಕಳಿಸಿಲ್ಲ."

ಅವನು ಕಿವಿಗೊಟ್ಟ. ಅಮ್ಮಾ... ಹಿಕ್... ಅಮ್ಮಾ... ಹೌದು. ಕತ್ತಲಲ್ಲೇ ಪಕ್ಕಕ್ಕೆ ಕೈ ಚಾಚಿದ. ಹೊದಿಕೆ. ಅದರ ಕೆಳಗೆ ಪುಟ್ಟ ಬೆನ್ನು. ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ಹೆಂಡತಿಯ ಕೈಯನ್ನೂ ಎಳೆದು ಅಲ್ಲಿಟ್ಟ.

"ಮತ್ತೆ ಇದು ಯಾರು?" ಅಂದ.

ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಇದು ನಂದಲ್ಲ," ಅಂದಳು.

ಬಾಗಿಲಿಗೆ ಓಡಿದಳು. ಚಿಲಕ ಅವನೇ ಹಾಕಿದ್ದು, ಹಾಕಿದ ಹಾಗೇ ಇತ್ತು. ಅವಳು ಅದಕ್ಕೆ ಕೈ ಹಾಕುವಷ್ಟರಲ್ಲಿ ಇವನು ಹಿಡಿದ. ನೆಲಕ್ಕೆ ಕೆಡವಿ ಅದುಮಿಟ್ಟುಕೊಂಡ. ಕಚ್ಚಿದಳು. ಪರಚಿದಳು. ಕಡೆಗೆ ಬೇಡಿಕೊಂಡಳು. ಬಿಡಲಿಲ್ಲ. ಹೆಂಡತಿಯನ್ನು ಉಳಿಸಿಕೊಳ್ಳುತ್ತಿದ್ದೇನೆ ಅಂತಲೇ ಅವನು ತಿಳಿದದ್ದು.

ಹೊರಗೆ ಬಹಳ ಹೊತ್ತು ಕರೆಯಿತು. ಆಮೇಲೆ ಬರೀ ಬಿಕ್ಕಳಿಕೆ. ಹಿಕ್... ತಡೆದು ಇನ್ನೊಂದು... ಬಹಳ ತಡೆದು ಮತ್ತೊಂದು...

ನಿಂತಿತು.

ಸದ್ಯ ಹೋಯಿತು ಅಂತ ಅವನು ಎದ್ದು ದೀಪ ಹಾಕಿದ. ಹೊದಿಕೆ ಎತ್ತಿದ.

ಹಾಸಿಗೆ ಬೆಚ್ಚಗಿತ್ತು. ಯಾರೂ ಇರಲಿಲ್ಲ.

ಬೆಳಕು ಹರಿದ ಮೇಲೆ ನಾವೆಲ್ಲ ಸೇರಿ ಹುಡುಕಿದೆವು. ಗೈಡುಗಳೂ ಹೋಗದಷ್ಟು ಒಳಗೆ, ಒಂದು ಸಂದಿನಲ್ಲಿ ಮಗಳು ಒರಗಿ ಕೂತಿದ್ದಳು. ಮೈ ತಣ್ಣಗಾಗಿತ್ತು. ಹಗ್ಗ ಕಟ್ಟಿಕೊಂಡು ಇಳಿದವನು ನಾನು. ಅಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಬೂಟಿನ ಅಟ್ಟೆ ಸೀಳಿ ಕಾಲಿಗೆ ಕಲ್ಲು ಇಳಿದಿತ್ತು.

ಗಂಡ ಹೆಂಡತಿ ಈಗಲೂ ಅದೇ ಮನೆಯಲ್ಲಿದ್ದಾರೆ. ಅವಳು ಅವನ ಹತ್ತಿರ ಮಾತಾಡುವುದಿಲ್ಲ. ಕರೆದರೆ ತಿರುಗುವುದೂ ಇಲ್ಲ. ಕಲ್ಲಿನ ಕಡೆಯಿಂದ ಮತ್ತೆ ಯಾವ ದನಿಯೂ ಬಂದಿಲ್ಲ.

ದೆವ್ವ ಗಿವ್ವ ಏನಿಲ್ಲ, ಮಗು ತಾನೇ ಎದ್ದು ನಡೆದು ಹೋಗಿರಬೇಕು ಅಂತ ಕೆಲವರು ಅನ್ನುತ್ತಾರೆ. ಅನ್ನಲಿ. ಅವಳನ್ನು ಎತ್ತಿಕೊಂಡು ಬಂದದ್ದು ಅವರಲ್ಲ, ನಾನು. ಬರಿಗಾಲಲ್ಲಿದ್ದಳು. ಅಂಗಾಲು ನನ್ನ ಅಂಗೈ ಮೇಲಿತ್ತು.

ಒಂದು ಗೀರೂ ಇರಲಿಲ್ಲ. ಮಣ್ಣೂ ಇರಲಿಲ್ಲ.