ಬೆರಳಿನ ಪಾಲು

ಒಂದೂರಲ್ಲಿ ಒಬ್ಬ ಸಾವುಕಾರ ಇದ್ದ ಎಂದು ನಾನು ಬಾಯಿ ತೆರೆದ ಕೂಡಲೇ ನೀವೆಲ್ಲ ಏನು ಮಾಡುತ್ತೀರಿ? ಪಕ್ಕದಲ್ಲಿ ಕುಳಿತವರ ಮುಖ ನೋಡುತ್ತೀರಿ. ‘ಸ್ವಾಮಿಗಳು ಇವತ್ತ ಇವರಿಗೇ ಹೇಳಾಕತ್ತಾರ’ ಎಂದು ಒಳಗೊಳಗೇ ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಶ್ರಾವಣ ಶುರುವಾಗಿ ಇಪ್ಪತ್ತು ದಿನವಾಯಿತು. ನನ್ನ ಪ್ರವಚನ ಒಂದು ದಿನವೂ ನಿಮಗೆ ತಾಗಿಲ್ಲ, ತಾಗಿದ್ದೆಲ್ಲ ಪಕ್ಕದವರಿಗೇ. ಇವತ್ತಿನ ಕಥೆಯೂ ಅವರದೇ ಎಂದುಕೊಂಡು ಆರಾಮಾಗಿ ಕೇಳಿ. ಕಲ್ಲಿನಾಥ, ಆ ಹಾರ್ಮೋನಿಯಂ ಸ್ವಲ್ಪ ನಿಲ್ಲಿಸಪ್ಪ.

ಆ ಸಾವುಕಾರನಿಗೆ ಒಂದು ಹತ್ತಿ ಗಿರಣಿ ಇತ್ತು. ಕಟ್ಟಿದವನು ಅವನ ಅಪ್ಪ. ದೊಡ್ಡ ಮನೆ ಇತ್ತು. ಕಟ್ಟಿಸಿದವನು ಅಜ್ಜ. ಗಿರಣಿ ನಡೆಸುವವನು ಮ್ಯಾನೇಜರ್, ಕಾರು ನಡೆಸುವವನು ಡ್ರೈವರ್, ಪೂಜೆ ಮಾಡುವವರು ಅಯ್ಯನವರು. ಸೋಮವಾರದ ಉಪವಾಸ ಕೂಡ ಅವನ ಪರವಾಗಿ ಹೆಂಡತಿಯೇ ಮಾಡುತ್ತಿದ್ದಳು. ಹಾಗಾದರೆ ಸಾವುಕಾರ ಏನು ಮಾಡುತ್ತಿದ್ದ? ‘ಮಾಡಿದೆ’ ಎನ್ನುತ್ತಿದ್ದ. ಅದೂ ಒಂದು ಕೆಲಸವೇ ನೋಡಿ, ದಿನವೆಲ್ಲ ಹೇಳಬೇಕಾಗುತ್ತದೆ.

ಅವನಿಗೆ ಅರವತ್ತು ತುಂಬಿತು. ಕಲ್ಯಾಣ ಮಂಟಪದಲ್ಲಿ ಸಮಾರಂಭ, ಶಾಲು, ಹಾರ, ಆಳೆತ್ತರದ ಫೋಟೋ. ಭಾಷಣ ಮಾಡಿದವರೆಲ್ಲ ‘ಸ್ವಂತ ಪರಿಶ್ರಮದಿಂದ ಮೇಲೆ ಬಂದವರು’ ಎಂದರು. ಮುಂದಿನ ಸಾಲಿನಲ್ಲಿ ಅವನ ಸೋದರತ್ತೆ ಕುಳಿತಿದ್ದಳು. ತೊಂಬತ್ತರ ಮುದುಕಿ, ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದವಳು, ಬಾಯಲ್ಲಿ ಸದಾ ಎಲೆ ಅಡಿಕೆ. ಎಲ್ಲರೂ ಕಾಲಿಗೆ ಬಿದ್ದು ಹೋದ ಮೇಲೆ ಇವನೂ ಬಂದು ಬಿದ್ದ. ಆಕೆ ತಲೆ ಸವರಿ ಕೇಳಿದಳು:

“ತಮ್ಮಾ, ಅವರೆಲ್ಲಾ ನೀ ಮಾಡೀದಿ, ನೀ ಮಾಡೀದಿ ಅಂದ್ರು. ನಿನ್ನ ಕೈಲೆ ನೀ ಮಾಡಿದ್ದು ಒಂದ ಒಂದು ಹೇಳು, ಕೇಳಿ ಮನೀಗೆ ಹೋಗತೀನಿ.”

ಕೊಂಕಿನಿಂದ ಕೇಳಿದ ಮಾತಲ್ಲ. ಮುದುಕಿಗೆ ನಿಜವಾಗಿ ತಿಳಿಯಬೇಕಾಗಿತ್ತು. ಸಾವುಕಾರ ಬಾಯಿ ತೆರೆದ. ಗಿರಣಿ ಎನ್ನಲು ಹೋದ, ಅದನ್ನು ಕಟ್ಟಿದವನು ಇವಳ ತಮ್ಮನೇ. ಮನೆ ಎನ್ನಲು ಹೋದ, ಕಟ್ಟಿಸಿದವನು ಇವಳ ಅಪ್ಪನೇ. ಕೊನೆಗೆ ಕೊರಳಿನ ಹಾರ ತೆಗೆದು ಪಕ್ಕಕ್ಕಿಟ್ಟ. ಅವತ್ತಿನಿಂದ ಅವನಿಗೆ ಅನ್ನ ಸೇರಲಿಲ್ಲ. ಅರವತ್ತು ವರ್ಷ ಬದುಕಿ, ಇದು ನನ್ನದು ಎಂದು ಒಬ್ಬ ಮುದುಕಿಗೆ ತೋರಿಸಲು ಒಂದು ಕೆಲಸ ಇಲ್ಲವಲ್ಲ ಎಂಬ ಸಂಕಟ ಹತ್ತಿತು. ಒಳ್ಳೆಯ ಸಂಕಟ ಅದು. ಅಲ್ಲೇ ಕುಳಿತು ಅದನ್ನು ಸ್ವಲ್ಪ ಅನುಭವಿಸಿದ್ದರೆ ಉದ್ಧಾರವಾಗಿಬಿಡುತ್ತಿದ್ದ. ಆದರೆ ಸಾವುಕಾರ ಅಲ್ಲವೇ? ಸಂಕಟಕ್ಕೂ ಏಜೆಂಟನನ್ನು ಹುಡುಕಿದ.

ಹೊರದೇಶಕ್ಕೆ ಬೇಟೆಗೆ ಕರೆದೊಯ್ಯುವ ಆ ಏಜೆಂಟ ಹೇಳಿದ: “ಸಾವ್ಕಾರ್ರ, ದೂರದಾಗ ಒಂದು ದೇಶ ಐತ್ರಿ. ಬರೇ ಗುಡ್ಡ, ಹಿಮ. ಅಲ್ಲೆ ಸುರಳಿ ಕೊಂಬಿನ ಕಾಡುಕುರಿ ಅದಾವು, ಒಂದೊಂದು ನಮ್ಮ ಆಕಳ ಕರದಷ್ಟು. ಗುಡ್ಡ ಹತ್ತಿ ಅದನ್ನ ಹೊಡಿಯೋದಂದ್ರ ಗಂಡಸರ ಕೆಲಸ. ಅಲ್ಲಿ ಸರಕಾರನ ಪರವಾನಗಿ ಕೊಡತೈತಿ. ನೀವು ಸುಮ್ಮನ ಬರ್ರಿ, ಎಲ್ಲಾ ನಾವು ನೋಡಿಕೋತೀವಿ.”

ಕೇಳಿದಿರಾ? ಸ್ವಂತ ಕೈಯಿಂದ ಒಂದು ಕೆಲಸ ಮಾಡಬೇಕೆಂದು ಹೊರಟವನಿಗೆ ಸಿಕ್ಕ ಭರವಸೆ ಏನು? ‘ಎಲ್ಲಾ ನಾವು ನೋಡಿಕೋತೀವಿ.’ ಸಾವುಕಾರನಿಗೆ ಬಹಳ ಸಮಾಧಾನವಾಯಿತು.

ಬೇಟೆ ಎಂದ ಕೂಡಲೇ ಇಲ್ಲಿ ಮುಂದಿನ ಸಾಲಿನ ಹಿರಿಯರಿಬ್ಬರು ಕಣ್ಣು ಮುಚ್ಚಿಕೊಂಡರು. ಪಾಪ, ಕುರಿಯ ಮೇಲಿನ ದಯೆಯಿಂದಲ್ಲ, ನಿದ್ದೆಯಿಂದ. ಇರಲಿ. ಮಠದಲ್ಲಿ ಮಾಂಸದ ಮಾತೇಕೆ ಎನ್ನಬೇಡಿ. ನಾನು ಕುರಿಯನ್ನು ಕೊಂದವನ ಕಥೆ ಹೇಳುತ್ತಿಲ್ಲ, ಕೊಂದೆ ಎಂದುಕೊಂಡವನ ಕಥೆ ಹೇಳುತ್ತಿದ್ದೇನೆ.

ಹೋದ. ಎರಡು ವಿಮಾನ ಬದಲಿಸಿ, ಎರಡು ದಿನ ಜೀಪಿನಲ್ಲಿ ಕುಲುಕಾಡಿ, ಗಿಡವೇ ಬೆಳೆಯದ ಒಂದು ಕಣಿವೆಗೆ ಮುಟ್ಟಿದ. ಅಲ್ಲಿ ಒಂದು ಡೇರೆ. ಅವನಿಗಾಗಿ ಕಾದಿದ್ದವರು ನಾಲ್ವರು. ದಾರಿ ತೋರುವ ಬೇಟೆಗಾರನೊಬ್ಬ, ಅರವತ್ತೈದರ ಆಸುಪಾಸಿನ ಮನುಷ್ಯ, ಹಿಮದ ಬಿಸಿಲಿಗೆ ಮುಖವೆಲ್ಲ ಸುಕ್ಕು. ಕುದುರೆ ನೋಡಿಕೊಳ್ಳುವವನೊಬ್ಬ. ಅಡುಗೆಯ ಹೆಂಗಸು ಒಬ್ಬಳು. ಇವನ ಮಾತು ಅವರಿಗೆ, ಅವರ ಮಾತು ಇವನಿಗೆ ತಿಳಿಸಲು ಒಬ್ಬ ದುಭಾಷಿ. ಅವರ ಭಾಷೆ ನನಗೆ ಬರುವುದಿಲ್ಲ, ನಾನು ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ಆ ಬೇಟೆಗಾರ ಕೇಳಿಸಿಕೊಂಡರೆ ನಗುತ್ತಾನೆ, ನಗಲಿ.

ಆರು ದಿನ ಬೇಟೆ ನಡೆಯಿತು. ಬೆಟ್ಟ ಹತ್ತಿದ್ದು ಯಾರು? ಕುದುರೆ. ಸಾವುಕಾರ ಅದರ ಮೇಲೆ ಕುಳಿತಿದ್ದ. ಕುದುರೆಯೂ ಹತ್ತಲಾಗದ ಜಾಗದಲ್ಲಿ? ಕುದುರೆಯವನು ಹಿಂದಿನಿಂದ ನೂಕಿದ, ಬೇಟೆಗಾರ ಮುಂದಿನಿಂದ ಎಳೆದ. ನಮ್ಮ ಕಡೆ ಕೆಸರಿನಲ್ಲಿ ಹುಗಿದ ಚಕ್ಕಡಿಯನ್ನು ಎತ್ತುತ್ತಾರಲ್ಲ, ಹಾಗೆ. ಬಂದೂಕು ಹೊತ್ತವನೂ ಬೇಟೆಗಾರನೇ. ಮೂರು ಕಾಲಿನ ದುರ್ಬೀನು ಹೂಡಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಕಲ್ಲಿಗೂ ಕುರಿಗೂ ವ್ಯತ್ಯಾಸ ಹುಡುಕುತ್ತ ಕಣ್ಣು ಕೆಂಪಗೆ ಮಾಡಿಕೊಂಡವನೂ ಅವನೇ. ಸಾವುಕಾರ ಅಷ್ಟು ಹೊತ್ತೂ ಉಪ್ಪು ಹಾಕಿದ ಹಾಲಿನ ಚಹಾ ಕುಡಿಯುತ್ತ, ‘ಸಕ್ಕರಿ ಇಲ್ಲೇನು?’ ಎಂದು ಕೇಳುತ್ತಿದ್ದ.

ಆರನೆಯ ದಿನ ಮಧ್ಯಾಹ್ನ ಎದುರಿನ ದಿಬ್ಬದ ಮೇಲೆ ಒಂದು ಮುದಿ ಟಗರು ಕಂಡಿತು. ಕೊಂಬಿನ ಮೇಲೆ ವರ್ಷಕ್ಕೊಂದು ಗೆರೆ ಬೀಳುತ್ತದಂತೆ. ಇದಕ್ಕೆ ಹನ್ನೊಂದು ಗೆರೆ. ಬೇಟೆಗಾರ ಮಣ್ಣು ತೂರಿ ಗಾಳಿ ನೋಡಿದ. ತನ್ನ ಚೀಲವನ್ನು ಕಲ್ಲಿನ ಮೇಲಿಟ್ಟು ಅದರ ಮೇಲೆ ಬಂದೂಕು ಇಟ್ಟ. ದೂರ ಅಳೆದು ಬಂದೂಕಿನ ತಿರುಪು ತಿರುಗಿಸಿದ. ಸಾವುಕಾರನನ್ನು ಹೊಟ್ಟೆಯ ಮೇಲೆ ಮಲಗಿಸಿ, ಅವನ ಭುಜವನ್ನು ಸರಿಯಾದ ಜಾಗಕ್ಕೆ ಒತ್ತಿ ಹಿಡಿದ.

“ಉಸಿರ ಬಿಡ್ರಿ. ಇನ್ನೊಮ್ಮೆ ಬಿಡ್ರಿ. ಹಂಗ ಇರ್ರಿ. ಈಗ ಬೆರಳ ಒತ್ರಿ.”

ಸಾವುಕಾರ ಬೆರಳು ಒತ್ತಿದ. ಟಗರು ಬಿತ್ತು.

ಆಮೇಲೆ ಫೋಟೋ. ಅದಕ್ಕೂ ಒಂದು ಶಾಸ್ತ್ರ ಇದೆ. ಬೇಟೆಗಾರ ಟಗರಿನ ಬಾಯಿಯ ರಕ್ತ ಒರೆಸಿದ, ನಾಲಿಗೆ ಒಳಗೆ ಸೇರಿಸಿದ, ಕಾಲು ಮಡಿಸಿ ಜೀವಂತ ಕುಳಿತಂತೆ ಮಾಡಿದ. ಸಾವುಕಾರನನ್ನು ಎರಡು ಮಾರು ಹಿಂದೆ ಮಂಡಿಯೂರಿ ಕೂರಿಸಿದ, ಟಗರು ದೊಡ್ಡದಾಗಿ ಕಾಣಲಿ ಎಂದು. ಫೋಟೋ ತೆಗೆದ ದುಭಾಷಿ. ಚಿತ್ರದಲ್ಲಿ ಯಾರಿದ್ದರು? ಸಾವುಕಾರ ಮತ್ತು ಟಗರು, ಇಬ್ಬರೇ. ಇಡೀ ಬೆಟ್ಟದಲ್ಲಿ ಬೇರೆ ಯಾರೂ ಇರಲೇ ಇಲ್ಲವೇನೋ ಎಂಬಂತೆ.

ಸಂಜೆಗೆ ಡೇರೆಗೆ ಬಂದರು. ಎಲ್ಲರಿಗೂ ಹಸಿವು. ಒಲೆ ಉರಿಯುತ್ತಿತ್ತು, ಆದರೆ ಯಾರೂ ಮಾಂಸ ಕೊಯ್ಯಲಿಲ್ಲ. ಬೇಟೆಗಾರ ಟಗರಿನ ಚರ್ಮವನ್ನು ನೆಲಕ್ಕೆ ಹಾಸಿ, ಮಾಂಸವನ್ನು ಅದರ ಮೇಲಿಟ್ಟು, ಚೂರಿ ಹಿಡಿದು ಹೇಳಿದ:

“ಸಾವ್ಕಾರ್ರ, ನಮ್ಮಲ್ಲಿ ಒಂದು ಪದ್ಧತಿ ಐತಿ. ಹೊಡದಾವ್ರು ಗುಡ್ಡದ ಕಡೆ ಮಾರಿ ಮಾಡಿ ನಿಂತು, ಬೇಟಿ ಹ್ಯಾಂಗ ಆತು ಅಂತ ಹೇಳಬೇಕು. ಯಾರ್ ಯಾರು ಏನೇನು ಮಾಡಿದ್ರು ಅಂತ ಹೆಸರ ಹಿಡದು ಹೇಳಬೇಕು. ಹೇಳಿದಂಗ ಪಾಲು ಹಾಕತೀನಿ.”

ಸಾವುಕಾರನಿಗೆ ಖುಷಿಯೋ ಖುಷಿ. ಭಾಷಣ ಎಂದರೆ ಗೊತ್ತಲ್ಲ ಅವನಿಗೆ! ಎದ್ದು ನಿಂತು, ಟೊಪ್ಪಿಗೆ ಸರಿ ಮಾಡಿಕೊಂಡು ಶುರು ಮಾಡಿದ: “ನಾನು ಆರು ದಿನ ಈ ಗುಡ್ಡ ಹತ್ತಿದೆ. ನಾನು ಟಗರ ಹುಡುಕಿದೆ. ನಾನು ಗುರಿ ಇಟ್ಟೆ. ನಾನು ಹೊಡದೆ.”

ದುಭಾಷಿ ಅದನ್ನು ಅವರ ಮಾತಿನಲ್ಲಿ ಹೇಳಿದ. ಅಡುಗೆಯ ಹೆಂಗಸು ನೀರಿನ ಗಡಿಗೆಯನ್ನು ಒಲೆಯಿಂದ ಕೆಳಗಿಳಿಸಿದಳು. ಬೇಟೆಗಾರ ಚೂರಿಯನ್ನು ಒರೆಗೆ ಸೇರಿಸಿದ. ಎಲ್ಲರೂ ಕೈ ಕಟ್ಟಿ ಕುಳಿತರು.

“ಯಾಕ, ಏನಾತು?” ಎಂದ ಸಾವುಕಾರ.

“ಏನಿಲ್ರಿ. ಹೇಳಿದ್ದು ಖರೇ ಇರದಿದ್ರ ಆ ಮಾಂಸ ನಾವು ಮುಟ್ಟೂದಿಲ್ಲ. ನೀವು ಬೇಕಾದ್ರ ಒಬ್ಬರ ಉಣ್ರಿ. ಇಲ್ಲಂದ್ರ ಇನ್ನೊಮ್ಮೆ ಹೇಳ್ರಿ. ಗುಡ್ಡ ಎಲ್ಲೂ ಹೋಗೂದಿಲ್ಲ, ಕೇಳತೈತಿ.”

ಚಳಿ ಏರುತ್ತಿತ್ತು. ನಾಲ್ಕು ಜನ ಹಸಿದು ಕುಳಿತಿದ್ದರು, ಮಾಂಸ ಮುಂದೆಯೇ ಇತ್ತು. ಸಾವುಕಾರನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ ಬಂತು. ಎರಡನೆಯ ಸಲ ನಿಂತಾಗ ಅವನ ದನಿ ಅರ್ಧಕ್ಕೆ ಇಳಿದಿತ್ತು.

“ಗುಡ್ಡ ಹತ್ತಿದ್ದು... ಕುದರಿ.” ಬೇಟೆಗಾರ ತಲೆಯಾಡಿಸಿ ಒಂದು ಹಿಡಿ ಉಪ್ಪು ತೆಗೆದಿಟ್ಟ, ಅದು ಕುದುರೆಯ ಪಾಲು. “ನನ್ನ ನೂಕಿದವ ಕುದರಿಯವ.” ಒಂದು ತೊಡೆ ಆ ಕಡೆ ಹೋಯಿತು. “ಹುಡುಕಿದಾವ ನೀನು. ಬಂದೂಕ ಹೊತ್ತಾವ ನೀನು. ಗುರಿ ಇಟ್ಟಾವನೂ ನೀನ.” ಇನ್ನೊಂದು ತೊಡೆ, ಎದೆ, ಬೆನ್ನು. “ಆರು ದಿನ ಕುದಿಸಿ ಹಾಕಿದಾಕಿ ಈ ತಾಯಿ. ನನ್ನ ಮಾತು ಮುಟ್ಟಿಸಿದಾವ ಇವ.” ಒಂದೊಂದು ಮುಂಗಾಲು. ಬೇಟೆಗಾರ ಕೇಳಿದ, “ಮತ್ತ ಟಗರು? ಅದು ನಿಂತಿದ್ದಕ್ಕ ಅಲ್ಲೇನ್ರಿ ಗುಂಡು ತಾಗಿದ್ದು?” ಟಗರಿನ ಪಾಲು ಎಂದು ಒಂದು ತುಂಡನ್ನು ಬಂಡೆಯ ಮೇಲೆ ಹದ್ದಿಗೆ ಇಟ್ಟರು.

ಚರ್ಮದ ಮೇಲೆ ಹೆಚ್ಚೇನೂ ಉಳಿದಿರಲಿಲ್ಲ.

“ಈಗ ನಿಮ್ಮದು ಹೇಳ್ರಿ. ನೀವೇನು ಮಾಡಿದ್ರಿ?”

ಸಾವುಕಾರ ಬಲಗೈಯ ತೋರುಬೆರಳು ಎತ್ತಿ ತೋರಿಸಿದ. ಬೇಟೆಗಾರ ಅದನ್ನು ಚೆನ್ನಾಗಿ ನೋಡಿ, ಉಳಿದಿದ್ದರಲ್ಲಿ ಸರಿಯಾಗಿ ಅಷ್ಟೇ ಉದ್ದದ, ಅಷ್ಟೇ ದಪ್ಪದ ಒಂದು ತುಂಡು ಕೊಯ್ದು ಅವನ ತಾಟಿಗೆ ಹಾಕಿದ. ಮೋಸವಿಲ್ಲ, ಜಿಪುಣತನವೂ ಇಲ್ಲ. ಮಾಂಸ ಬೆಂದ ಮೇಲೆ ಎಲ್ಲರೂ ತಮ್ಮ ತಮ್ಮ ಪಾಲಿನಿಂದ ಅತಿಥಿಗೆ ಒಂದಿಷ್ಟು ಕೊಟ್ಟರು, ಅವನು ಹೊಟ್ಟೆ ತುಂಬ ಉಂಡ. ಆದರೆ ಅದು ಅವರು ಕೊಟ್ಟದ್ದು ಎಂಬುದು ಈಗ ಅವನಿಗೆ ಗೊತ್ತಿತ್ತು.

ಇಲ್ಲಿಗೆ ಸಾವುಕಾರ ಬದಲಾದ ಅಂದುಕೊಂಡಿರಾ? ನೀವು ಬಹಳ ಒಳ್ಳೆಯವರು. ಊರಿಗೆ ಬಂದ. ಕೊಂಬು ತರಲು ಪರವಾನಗಿ ಸಿಗಲಿಲ್ಲ. ಫೋಟೋವನ್ನೇ ಗೋಡೆಯಷ್ಟು ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಬಂದವರಿಗೆಲ್ಲ ಕಥೆ. ಮೊದಲ ವಾರ ಬೆಟ್ಟ ಹತ್ತಿದ್ದು ಆರು ದಿನ ಇತ್ತು, ಎರಡನೆಯ ವಾರ ಒಂಬತ್ತಾಯಿತು. ದೀಪಾವಳಿ ಹೊತ್ತಿಗೆ ದಾರಿಯಲ್ಲಿ ಒಂದು ಕರಡಿಯೂ ಬಂತು. ಕುದುರೆ ಮಾತ್ರ ಎಲ್ಲೋ ಕಳೆದುಹೋಗಿತ್ತು.

ಒಂದು ದಿನ ಬೆಳಿಗ್ಗೆ ಸೋದರತ್ತೆಯನ್ನೂ ಕಾರು ಕಳಿಸಿ ಕರೆಸಿದ. ಇಷ್ಟೆಲ್ಲ ಮಾಡಿದ್ದು ಅವಳಿಗೇ ತೋರಿಸಲು ಅಲ್ಲವೇ? ಆಕೆ ಫೋಟೋದ ಕೆಳಗೆ ಚಾಪೆಯ ಮೇಲೆ ಕುಳಿತು, ಸೆರಗಿನಿಂದ ಕಣ್ಣು ಒರೆಸಿಕೊಂಡು ಬಹಳ ಹೊತ್ತು ನೋಡಿದಳು. ಕರಡಿಯ ಕಥೆಯನ್ನೂ ಪೂರ್ತಿ ಕೇಳಿದಳು.

“ಛಲೋ ಟಗರು. ಇದ್ರಾಗ ನೀ ಮಾಡಿದ್ದೇನು ತಮ್ಮಾ?”

ಅದೇ ಪ್ರಶ್ನೆ. ಅದೇ ದನಿ. ಸಾವುಕಾರನಿಗೆ ಬೆಟ್ಟ ನೆನಪಾಯಿತು, ಒರೆಗೆ ಸೇರಿದ ಚೂರಿ ನೆನಪಾಯಿತು. ಊರಿಗೆಲ್ಲ ಸುಳ್ಳು ಹೇಳಿದವನಿಗೆ ಈ ಮುದುಕಿಯ ಮುಂದೆ ಹೇಳಲು ಆಗಲಿಲ್ಲ. ಸುಮ್ಮನೆ ತೋರುಬೆರಳು ಎತ್ತಿದ. ಅವನ ಕಣ್ಣು ತುಂಬಿತ್ತು.

“ಇಷ್ಟ ಅತ್ತಿ. ಒತ್ತು ಅಂದ್ರು, ಒತ್ತಿದೆ.”

ಮುದುಕಿ ಆ ಬೆರಳನ್ನು ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ತನ್ನ ಎಲೆಚಂಚಿಯನ್ನು ಬಿಚ್ಚಿ ಅವನ ಮುಂದೆ ಇಟ್ಟಳು. “ಅಳಬ್ಯಾಡ. ಬೆರಳಾದ್ರೂ ಐತೆಲ್ಲ? ಅದ ಬೆರಳಿಲೆ ನನಗೊಂದು ಎಲಿಗೆ ಸುಣ್ಣ ಹಚ್ಚಿ ಕೊಡು.”

ಅರವತ್ತು ವರ್ಷದ ಸಾವುಕಾರ ಒಮ್ಮೆಯೂ ಎಲೆಗೆ ಸುಣ್ಣ ಹಚ್ಚಿರಲಿಲ್ಲ. ದಿನವೂ ಮೂರು ಸಲ ಹಾಕಿಕೊಳ್ಳುತ್ತಿದ್ದ, ಬೇರೆಯವರು ಸುಣ್ಣ ಹಚ್ಚಿ ಮಡಚಿದ ಎಲೆಯೇ ಕೈಗೆ ಬರುತ್ತಿತ್ತು. ಎಲೆಯನ್ನು ಧೋತರಕ್ಕೆ ಒರೆಸಿ, ಬೆಣ್ಣೆ ಬಳಿದಂತೆ ಸುಣ್ಣ ಬಳಿದು, ಅಡಿಕೆ ಇಟ್ಟು ಮಡಚಿ ಕೊಟ್ಟ. ಮುದುಕಿ ಬಾಯಿಗೆ ಹಾಕಿಕೊಂಡಳು. ಬಾಯಿ ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಆದರೂ ಉಗುಳಲಿಲ್ಲ.

“ಸುಣ್ಣ ಹೆಚ್ಚಾತು,” ಎಂದಳು ಅಗಿಯುತ್ತ. “ಆದ್ರ ಇದು ಮಾತ್ರ ನೀನ ಮಾಡಿದ್ದು.”

ಕಥೆ ಮುಗಿಯಿತು. ಪಕ್ಕದವರದು ಮುಗಿಯಿತು, ಈಗ ನಿಮ್ಮದು. ನೋಡಿ, ಮೇಲೆ ನೋಡಿ. ಈ ಫ್ಯಾನಿನ ರೆಕ್ಕೆಗಳ ಮೇಲೆ ಯಾರ ಹೆಸರಿದೆ? ಕೊಡಿಸಿದವರದು. ಒಳ್ಳೆಯದೇ, ಗಾಳಿ ಬರುತ್ತಿದೆ. ಪ್ರತಿ ಸೋಮವಾರ ಸ್ಟೂಲು ಹತ್ತಿ ಅದರ ದೂಳು ಒರೆಸುವವರ ಹೆಸರು ಯಾವ ರೆಕ್ಕೆಯ ಮೇಲಿದೆ? ‘ಮಗಳ ಮದುವಿ ಮಾಡಿದೆ’ ಎನ್ನುತ್ತೀರಿ. ಆರು ತಿಂಗಳು ಹಪ್ಪಳ, ಸಂಡಿಗೆ, ಸೀರೆ, ನೆಂಟರು ಎಂದು ನಿದ್ದೆಗೆಟ್ಟವರು ಯಾರು? ‘ಅವ್ವನ್ನ ನಾನ ನೋಡಿಕೊಳ್ಳಾಕತ್ತೀನಿ’ ಎನ್ನುತ್ತೀರಿ. ಅವ್ವನ ಕಾಲಿಗೆ ಎಣ್ಣೆ ಹಚ್ಚುವ ಕೈ ಯಾರದು? ಸೊಸೆಯದು. ನಿಮ್ಮದು ಬೆರಳು ಮಾತ್ರ, ಅದೂ ‘ಹಚ್ಚು’ ಎಂದು ತೋರಿಸಲು. ನಗುತ್ತೀರಾ? ನಾನೂ ಹೊರತಲ್ಲ. ಈ ಗಾದಿಯ ಮೇಲೆ ಕುಳಿತಿದ್ದೇನೆ, ಹಾಸಿದವನು ನಾನಲ್ಲ. ಇಪ್ಪತ್ತು ದಿನ ಪ್ರವಚನ ‘ಮಾಡಿದೆ’, ನನ್ನ ಸ್ನಾನಕ್ಕೆ ನೀರು ಕಾಯಿಸಿದವರ ಹೆಸರನ್ನು ಒಂದು ದಿನವೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಕೇಳಿದೆ. ದುಂಡವ್ವ ಅಂತೆ. ರೊಟ್ಟಿ ಬಡಿಯುವವಳೂ ಅವಳೇ ಅಂತೆ.

ಅದಕ್ಕೆ ಎರಡೇ ಮಾತು ಹೇಳಿ ಮುಗಿಸುತ್ತೇನೆ. ಊಟಕ್ಕೆ ಕುಳಿತಾಗ ಮೊದಲ ತುತ್ತಿಗೆ ಮುಂಚೆ, ಇದನ್ನು ಯಾರು ಮಾಡಿದರು ಎಂದು ಅವರಿಗೆ ಕೇಳಿಸುವಂತೆ ಹೆಸರು ಹಿಡಿದು ಹೇಳಿ. ಮತ್ತೆ, ನೀವು ಇನ್ನೊಬ್ಬರಿಂದ ಮಾಡಿಸಿಕೊಳ್ಳುವ ಕೆಲಸಗಳಲ್ಲಿ ಒಂದನ್ನು ನಾಳೆಯಿಂದ ನಿಮ್ಮ ಕೈಯಾರೆ ಮಾಡಿ. ಕೆಟ್ಟರೆ ಕೆಡಲಿ, ಸುಣ್ಣ ಹೆಚ್ಚಾದರೆ ಆಗಲಿ.

ನಾಳೆಯಿಂದ ಎಂದದ್ದಕ್ಕೆ ಎಲ್ಲರ ಮುಖ ಅರಳಿತು. ಆದರೆ ದಾಸೋಹ ಇವತ್ತೇ ಇದೆ. ನಿಮಗಿಂತ ಮುಂಚೆ ದುಂಡವ್ವನಿಗೆ ಈ ಕಥೆ ಹೇಳಿ ಬಂದಿದ್ದೇನೆ. ತಾಟು ಹಿಡಿದು ನಿಂತಾಗ ಆಕೆ ಒಬ್ಬೊಬ್ಬರನ್ನೂ ಕೇಳುತ್ತಾಳೆ, ‘ನೀವೇನು ಮಾಡಿದ್ರಿ?’ ಎಂದು. ಕಸ ಗುಡಿಸಬೇಕು, ನೀರು ತುಂಬಬೇಕು, ಚಾಪೆ ಹಾಸಬೇಕು, ಕೆಲಸ ಬೇಕಾದಷ್ಟಿದೆ. ಅದನ್ನು ಬಿಟ್ಟು ಬೆರಳು ತೋರಿಸಿದವರಿಗೆ ಆಕೆ ರೊಟ್ಟಿಯನ್ನು ಎಷ್ಟು ಮುರಿದು ಹಾಕಬೇಕೆಂದು ನಾನು ಹೇಳಿದ್ದೇನೆ. ಏಳಿ, ನಾನು ಚಾಪೆ ಹಾಸುತ್ತೇನೆ.