ಹಣೆಯ ಮೇಲಿನ ಕನ್ನಡಕ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ಯಜಮಾನರಿಗೆ, ಮಗಳಿಗೆ, ನಮ್ಮ ಪ್ರೆಸ್ಸಿನ ಮಾಲೀಕರಿಗೆ, ಬೈಂಡಿಂಗ್ ವಿಭಾಗದ ನನ್ನ ಬಳಗಕ್ಕೆ — ನಮಸ್ಕಾರ. ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ, ಜಾಗ ಮಾಡಿಕೊಳ್ಳೋಣ.

ಮೇಡಂ ಅವರ ಶ್ರದ್ಧಾಂಜಲಿಗೆ ತುಂಬಾ ಜನ ಸೇರಿದ್ದೀರಿ. ನಿಜ ಹೇಳಲಾ? ಒಳಗೆ ಬರುವಾಗ ಈ ಜನ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಾನು ಹೋದರೆ ಇದರಲ್ಲಿ ಅರ್ಧದಷ್ಟಾದರೂ ಬರುತ್ತೀರಾ ಅಂತ. — ನಗಬೇಡಿ. ಅವರ ವಿಷಯದಲ್ಲಿ ಹೊಟ್ಟೆಕಿಚ್ಚು ನನಗೆ ಹನ್ನೊಂದು ವರ್ಷದ ಅಭ್ಯಾಸ.

ಇಡೀ ವಿಭಾಗ ಅವರನ್ನು ಅಕ್ಕ ಎನ್ನುತ್ತಿತ್ತು. ನನಗಿಂತ ಒಂಬತ್ತು ವರ್ಷ ಚಿಕ್ಕವರು. ನಾನು ಮಾತ್ರ ಬಾಯ್ತುಂಬ "ಮೇಡಂ" ಎನ್ನುತ್ತಿದ್ದೆ. ಗೌರವಕ್ಕಲ್ಲ — ಚುಚ್ಚುವುದಕ್ಕೆ. ಅವರಿಗೆ ಕಾಗದ ಮಡಚಲು ಕಲಿಸಿದ್ದು ನಾನು. ಹೊಲಿಗೆಯ ದಾರ ಎಷ್ಟು ಬಿಗಿ ಇರಬೇಕು — ಹೀಗೆ, ಬೆರಳಿಗೆ ಸುತ್ತಿ ತೋರಿಸಿದ್ದು ನಾನು. "ಗುರುಗಳೇ" ಎಂದೇ ಕರೆಯುತ್ತಿದ್ದರು. ಹೀಗಿರುವಾಗ ಒಂದು ಸೋಮವಾರ ಮಾಲೀಕರು ಬಂದು, "ಇವತ್ತಿಂದ ಇವರೇ ಸೂಪರ್‌ವೈಸರ್" ಅಂದರು. ನಾನು ಒಂದು ಹೆಜ್ಜೆ ಮುಂದೆ ಬಂದೂ ಆಗಿತ್ತು. ಅವರು ಕೈ ತೋರಿಸಿದ್ದು ನನ್ನ ಪಕ್ಕಕ್ಕೆ. ಆ ಹೆಜ್ಜೆ ಹಿಂದಕ್ಕಿಟ್ಟದ್ದು ನನ್ನ ಕಾಲಿಗೆ ಇನ್ನೂ ನೆನಪಿದೆ.

ಮೊದಲ ತಿಂಗಳು ಮೇಡಂಗೆ ಕೆಲಸ ಬರುತ್ತಿತ್ತು, ಕೆಲಸ ಮಾಡಿಸಲು ಬರುತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಮ್ಮ ಮಗಳೇ, ಇದ್ದದ್ದು ಹೇಳುತ್ತಿದ್ದೇನೆ. ಯಾರಾದರೂ ಓರೆ ಮಡಚಿದರೆ ಹೇಳಲು ಸಂಕೋಚ. ಊಟದ ಹೊತ್ತಿನಲ್ಲಿ ತಾವೇ ಕುಳಿತು ಬಿಚ್ಚಿ ಸರಿಮಾಡುತ್ತಿದ್ದರು. ನಾವು ಏಳು ಜನ ಏನು ಮಾಡಿದೆವು? ಇನ್ನೂ ಓರೆ ಮಡಚಿದೆವು! ಅಕ್ಕ ಇದ್ದಾರಲ್ಲ, ನೋಡಿಕೊಳ್ಳುತ್ತಾರೆ. "ಮಡಚಿದವರ ಕೈಯಲ್ಲೇ ಬಿಚ್ಚಿಸಿ ಮೇಡಂ" — ಈ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಮುಳುಗಲಿ ಅಂತ ಕಾದೆ.

ಆ ದಿನವೂ ಬಂತು. ಶಾಲೆಯ ಭೂಗೋಳದ ಪುಸ್ತಕ. ಹದಿನಾರು ಹದಿನಾರು ಪುಟದ ಕಟ್ಟುಗಳನ್ನು ಪೇರಿಸಿ ಹೊಲಿಯಬೇಕು. ಮಷಿನ್ ಹಾಕುವ ಮೊದಲು ಮೇಡಂ ಮಾದರಿ ಪ್ರತಿ ನೋಡಲು ನನ್ನ ಕೈಗೆ ಕೊಟ್ಟರು. ಮೂರನೆಯ ಕಟ್ಟು ತಲೆಕೆಳಗಾಗಿತ್ತು. ಕಂಡಿತು. ಸ್ಪಷ್ಟವಾಗಿ ಕಂಡಿತು. ಪುಸ್ತಕ ಮುಚ್ಚಿ, "ಸರಿ ಇದೆ ಮೇಡಂ" ಅಂದೆ.

ನಾಲ್ಕು ಸಾವಿರ ಪುಸ್ತಕ. ಸಮುದ್ರಗಳೆಲ್ಲ ತಲೆಕೆಳಗು. — ಇದನ್ನು ನಾನು ಮೊದಲ ಸಲ ಬಾಯಿ ಬಿಟ್ಟು ಹೇಳುತ್ತಿರುವುದು ಇವತ್ತು. ಮಾಲೀಕರೇ, ಸ್ವಲ್ಪ ತಾಳಿ, ಮುಗಿಸಿಬಿಡುತ್ತೇನೆ.

"ಮಾದರಿ ನೋಡಿದ್ದು ಯಾರು?" ಅಂತ ನೀವು ಕೂಗಾಡಿದಿರಿ. ಮೇಡಂ ಒಂದು ಸಲ ನನ್ನ ಕಡೆ ನೋಡಿದರು. "ನಾನೇ ಸರ್. ನಂದೇ ತಪ್ಪು" ಅಂದರು. ಮರುದಿನ ಬಂದು ಪುಸ್ತಕಗಳನ್ನು ಎಂಟು ರಾಶಿ ಮಾಡಿದರು. "ಒಬ್ಬೊಬ್ರಿಗೆ ಒಂದು ರಾಶಿ. ನಂದೂ ಸೇರಿ. ಕೂತು ಬಿಚ್ಚಿ." ಧ್ವನಿ ಏರಿಸಲಿಲ್ಲ, ಆದರೆ ಯಾರೂ ಎದುರಾಡಲಿಲ್ಲ. ಬಿಚ್ಚಿ ಮುಗಿಸುವ ಹೊತ್ತಿಗೆ ಅವರು ಸೂಪರ್‌ವೈಸರ್ ಆಗಿದ್ದರು. ನನ್ನ ಹೊಟ್ಟೆ ಉರಿದುಹೋಯಿತು. ಮುಳುಗಲಿ ಅಂದರೆ ಈಜು ಕಲಿತುಬಿಟ್ಟರಲ್ಲ!

ಅವತ್ತಿನಿಂದ ಹೊಸ ಪದ್ಧತಿ. ಮಾದರಿ ಪ್ರತಿ ಏಳೂ ಜನರ ಕೈ ದಾಟಬೇಕು, ಕೊನೆಯ ಕೈ ನನ್ನದು. ನಾನು ಪುಟ ತಿರುಗಿಸುವಾಗ ಎದುರು ನಿಂತು ನನ್ನ ಮುಖವನ್ನೇ ನೋಡುವರು. ನಾನು ಬಾಯಿ ತೆರೆಯುವ ಮೊದಲೇ "ಆಯ್ತು, ಮಷಿನ್ ಹಾಕಿ" ಅನ್ನುವರು, ಇಲ್ಲವೇ "ತಡೀರಿ, ಏನೋ ತಪ್ಪಿದೆ" ಅನ್ನುವರು. ಹನ್ನೊಂದು ವರ್ಷ ಅದನ್ನು ಅನುಮಾನ ಅಂದುಕೊಂಡೆ. ಕಳ್ಳನನ್ನು ಕಾಯುತ್ತಿದ್ದಾರೆ ಅಂದುಕೊಂಡೆ.

ಹೋದ ತಿಂಗಳು ಮೇಡಂ ಅವರನ್ನು ನೋಡಲು ಆಸ್ಪತ್ರೆಗೆ ಹೋದೆ. ಮುಂದಿನ ಸೂಪರ್‌ವೈಸರ್ ನಾನೇ ಅಂತ ಮಾಲೀಕರು ಹೇಳಿದ್ದರು. ಅದನ್ನು ಮೇಡಂ ಮುಂದೆ ಜಂಬದಿಂದ ಹೇಳಿಕೊಂಡು ಬರೋಣ ಅಂತ ಹೋದೆ — ಸುಳ್ಳೇಕೆ, ಅದಕ್ಕೇ ಹೋದದ್ದು. ಅವರು ನಕ್ಕರು.

"ಮಾಲೀಕರಿಗೆ ನಿಮ್ಮ ಹೆಸರು ಹೇಳಿದ್ದೇ ನಾನು, ಗುರುಗಳೇ."

ನೋಡಿ! ಅಲ್ಲೂ ಅವರೇ ಗೆದ್ದರು.

ಆಮೇಲೆ ಅಂದರು: "ತಪ್ಪು ಕಂಡ್ರೆ ನೀವು ಕನ್ನಡಕ ಹಣೆ ಮೇಲೆ ಏರಿಸ್ತೀರಿ. ನಿಮಗೇ ಗೊತ್ತಿಲ್ಲ. ಭೂಗೋಳದ ದಿನಾನೂ ಏರಿಸಿದ್ರಿ. ನಾನು ನೋಡಿದ್ದೆ. ಆದ್ರೂ ನಿಮ್ಮ ಮಾತು ನಂಬಿದೆ, ಅದೇ ನನ್ನ ತಪ್ಪು. ಆಮೇಲೆ ಬರೀ ಹಣೆ ನೋಡ್ತಿದ್ದೆ."

"ಮತ್ತೆ ಮಾಲೀಕರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಕೆಲಸದಿಂದ ತೆಗೀತಿದ್ರು. ಆಮೇಲೆ ಯಾರ ಹಣೆ ನೋಡ್ಲಿ?"

ಒಂದು ನಿಮಿಷ. ನೀರು ಕೊಡಿ.

ನಾಳೆ ಬೆಳಗ್ಗೆ ಅವರ ಜಾಗದಲ್ಲಿ ನಾನು ನಿಲ್ಲಬೇಕು. ಐವತ್ತೆಂಟನೆಯ ವಯಸ್ಸಿಗೆ ಮೊದಲ ಸಲ ಸೂಪರ್‌ವೈಸರ್. ಇಷ್ಟು ಕೇಳಿದ ಮೇಲೆ ಬೇಡ ಅನಿಸಿದರೆ, ಮಾಲೀಕರೇ, ಬೇಡ ಅಂದುಬಿಡಿ. ಮುಚ್ಚಿಟ್ಟುಕೊಂಡು ಆ ಜಾಗದಲ್ಲಿ ನಿಲ್ಲಲು ನನ್ನಿಂದಾಗದು. ಬಳಗದವರೇ, ತಪ್ಪು ಕಂಡಾಗ ನಿಮ್ಮ ಮುಖ ಹೇಗಾಗುತ್ತದೆ ಅಂತ ನನಗೆ ಒಬ್ಬರದ್ದೂ ಗೊತ್ತಿಲ್ಲ. ಹನ್ನೊಂದು ವರ್ಷ ನಾನು ಅವರೊಬ್ಬರನ್ನೇ ನೋಡುತ್ತಾ ಉರಿದುಕೊಂಡೆ. ಅವರು ನಮ್ಮೆಲ್ಲರನ್ನೂ ನೋಡುತ್ತಿದ್ದರು. ಅದಕ್ಕೆ ಇವತ್ತಿಗೂ ನನಗೆ ಹೊಟ್ಟೆಕಿಚ್ಚೇ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನನಗಾಗಿ ಹನ್ನೊಂದು ವರ್ಷ ಮಾತಾಡದೆ ಇದ್ದವರು ಅವರು. ನಾವು ಎರಡು ನಿಮಿಷ ಇರೋಣ. — ಹೌದು, ಗೊತ್ತು, ಕನ್ನಡಕ ಹಣೆಯ ಮೇಲೆ ಹೋಗಿದೆ. ತಪ್ಪೇನೂ ಕಂಡಿಲ್ಲ. ಕಣ್ಣು ಒರೆಸಿಕೊಳ್ಳಬೇಕು, ಅಷ್ಟೇ. ನಮ್ಮ ಅಕ್ಕನಿಗಾಗಿ — ಮೌನ.